ಬ್ಯಾಟರಿ ಅಳೆಯಬೇಡಿ, ಓಡಾಟ ಅಳೆಯಿರಿ

ಪ್ಲಗ್-ಇನ್ ಹೈಬ್ರಿಡ್ ಕಾರು (ಮನೆಯಲ್ಲೇ ಚಾರ್ಜ್ ಮಾಡಬಹುದು, ಚಾರ್ಜ್ ಮುಗಿದರೆ ಪೆಟ್ರೋಲ್‌ನಲ್ಲಿ ಓಡುತ್ತದೆ) ತಂದವರು ಸೋಲಾರ್ ಹಾಕಿಸಲು ಹೊರಟಾಗ ಮೊದಲು ಹಿಡಿಯುವುದು ಬ್ಯಾಟರಿಯ ಲೆಕ್ಕವನ್ನೇ. ‘15 ಯೂನಿಟ್ ಬ್ಯಾಟರಿ, ಹಾಗಾದ್ರೆ 4 ಕಿಲೋವ್ಯಾಟ್ ಹಾಕ್ಸಿಬಿಡೋಣ’ ಅಂತ. ದಿನಾ ಬ್ಯಾಟರಿ ಪೂರ್ತಿ ಖಾಲಿ ಆದರೆ ತಾನೇ ಆ ಲೆಕ್ಕ?

ಮೈಸೂರಿನ ಕುವೆಂಪುನಗರದಲ್ಲಿ ಮನೆ, ಅಲ್ಲಿನದೇ ಹೆಬ್ಬಾಳದಲ್ಲಿ ಕೆಲಸ ಅಂದುಕೊಳ್ಳಿ. ತರಕಾರಿ, ಟ್ಯೂಷನ್ ಎಲ್ಲ ಸೇರಿ ದಿನಕ್ಕೆ 30 ಕಿ.ಮೀ. ಒಂದು ಯೂನಿಟ್‌ಗೆ 5 ಕಿ.ಮೀ. ಅಂತ ಹಿಡಿದರೆ 6 ಯೂನಿಟ್. ಚಾರ್ಜ್ ಆಗುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಹಾಗಾಗಿ ಮೀಟರ್‌ನಲ್ಲಿ 7 ಓಡುತ್ತದೆ. ತಿಂಗಳಿಗೆ 25 ದಿನ ಅಂದರೂ 175. ಮೈಸೂರಿನ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಲ್ಲಿಗೆ ಕಾರಿಗೆ ಸುಮಾರು ಒಂದೂವರೆ ಕಿಲೋವ್ಯಾಟ್, ಅಂದರೆ 540 ವ್ಯಾಟ್‌ನ 3 ಪ್ಯಾನಲ್ ಸಾಕು.

ಮಂಡ್ಯದಿಂದ ದಿನಾ ಮೈಸೂರಿಗೆ ಓಡಾಡುವವರದ್ದು ಬೇರೆ ಕಥೆ. ಹೋಗಿಬರಲು ಸುಮಾರು 90 ಕಿ.ಮೀ. 15 ಯೂನಿಟ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 12ರ ಆಸುಪಾಸು ಅಂದರೆ 60 ಕಿ.ಮೀ.ಗೆ ಕರೆಂಟ್ ಮುಗಿಯಿತು, ಉಳಿದದ್ದು ಪೆಟ್ರೋಲ್. ರಾತ್ರಿ ಮನೆಯಲ್ಲಿ ಮಾತ್ರ ಚಾರ್ಜ್ ಮಾಡುವವರು ಎಷ್ಟೇ ದೂರ ಓಡಿಸಲಿ, ಅದೇ 25 ದಿನದ ಲೆಕ್ಕದಲ್ಲಿ 6 ಪ್ಯಾನಲ್‌ಗಿಂತ ಜಾಸ್ತಿ ಕಾರಿಗೆ ಬೇಕಾಗುವುದಿಲ್ಲ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಈ ಮಿತಿ ಇಷ್ಟು ಬೇಗ ಬರುವುದಿಲ್ಲ.

ಬಿಸಿಲಿರುವಾಗ ಕಾರು ಆಫೀಸಿನಲ್ಲಿರುತ್ತೆ, ಅಲ್ವಾ? ಅದಕ್ಕೇ ನೆಟ್ ಮೀಟರ್. ಹಗಲಿನ ಕರೆಂಟ್ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದ ವಾಪಸ್ ತಗೊಳ್ಳುತ್ತೀರಿ. ಆದರೆ ಬ್ಯಾಟರಿ ಇಲ್ಲದ ಇಂಥ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ! ಸೋಲಾರ್ ಹಾಕಿಸದೆ ಸುಮ್ನೆ ಕಾರು ಚಾರ್ಜ್ ಮಾಡಿದರೆ ಇನ್ನೊಂದು ಏಟು ಕಾದಿದೆ. ಮನೆಯ 120 ಯೂನಿಟ್‌ಗೆ ಕಾರಿನ 175 ಸೇರಿ 200 ದಾಟಿದರೆ ಗೃಹಜ್ಯೋತಿ ಕೈತಪ್ಪಿ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಎಷ್ಟು ಪ್ಯಾನಲ್ ಎನ್ನುವುದಕ್ಕಿಂತ ಎಲ್ಲಿ ಎನ್ನುವುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ. ನಮ್ಮ ತಾರಸಿಗಳಲ್ಲಿ ಸಿಂಟೆಕ್ಸ್ ಟ್ಯಾಂಕು, ವಾಟರ್ ಹೀಟರ್, ಪಕ್ಕದ ಮನೆಯ ತೆಂಗಿನ ಗರಿ, ಎಲ್ಲವೂ ಜಾಗಕ್ಕೆ ಪೈಪೋಟಿ. ಪ್ಯಾನಲ್‌ನ ಬಿಲ್ಲೆಗಳು (ಸೆಲ್‌ಗಳು) ಒಂದಕ್ಕೊಂದು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಮೂಲೆಯ ಎರಡು ಬಿಲ್ಲೆಗಳ ಮೇಲೆ ಗರಿಯ ನೆರಳು ಬಿದ್ದರೂ ಆ ಪ್ಯಾನಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ತಾರಸಿ ಹತ್ತಿ ನೆರಳು ಎಲ್ಲಿದೆ ನೋಡಿ. ಡಿಸೆಂಬರ್‌ನಲ್ಲಿ ನೋಡಿದರೆ ಇನ್ನೂ ಒಳ್ಳೆಯದು, ಆಗ ನೆರಳು ಉದ್ದ.

ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಲಿ, ಆದರೆ ಜಾಸ್ತಿ ಓರೆ ಬೇಡ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ನಮ್ಮೂರಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಹತ್ತು-ಹನ್ನೆರಡು ಡಿಗ್ರಿ ಸಾಕು, ಮಳೆ ಬಿದ್ದಾಗ ಧೂಳೂ ಜಾರಿ ಹೋಗುತ್ತದೆ.

ಮನೆಯದ್ದೂ ಕಾರಿನದ್ದೂ ಸೇರಿ 3 ಕಿಲೋವ್ಯಾಟ್ ಹತ್ತಿರ ಬಂದರೆ ಸರಿಯಾಗಿ 3ಕ್ಕೇ ಹಾಕಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಲ್ಲಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ.