ಸಾವಿರ ರೂಪಾಯಿಯ ಅನ್ಯಗ್ರಹದ ಬಂದೂಕು: ಪ್ರಾಪ್ ಕಟ್ಟಲು ಕಲಿಯುವವರಿಗೆ ಟಿಪ್ಪಣಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ತುಳಸಿ ಕುಂಡ, ವಾಷಿಂಗ್ ಮೆಷಿನ್ ಇಟ್ಟ ಮೇಲೆ ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ ಉಳಿಯುತ್ತದೆ. ಕನ್ನಡ ಗೆಳೆಯರು ಸೇರಿ ಮಾಡಿದ ವೈಜ್ಞಾನಿಕ ಕಲ್ಪನೆಯ ಕಿರುಚಿತ್ರದ ಪ್ರಾಪ್, ಅಂದರೆ ನಟ ಹಿಡಿಯುವ ನಕಲಿ ಬಂದೂಕು, ತಯಾರಾದದ್ದು ಅಲ್ಲೇ. ಖರ್ಚಿನ ಮಿತಿ ಒಂದು ಸಾವಿರ ರೂಪಾಯಿ. ಮೊದಲ ಬಂದೂಕು ಕರಗಿಹೋಯಿತು, ಎರಡನೆಯದು ಕ್ಯಾಮೆರಾ ಮುಂದೆ ನಿಂತಿತು. ಈ ಕೆಲಸಕ್ಕೆ ಕೈಹಾಕುವವರಿಗೆ ಅದೇ ಹಣ ಎರಡು ಸಲ ಖರ್ಚಾಗದಿರಲಿ ಎಂದು ಬರೆದಿಟ್ಟುಕೊಂಡದ್ದು ಇದು.

ನಕ್ಷೆ ಬರೆಯುವ ಮುನ್ನ

ದೊಡ್ಡ ಬಜೆಟ್ಟಿನವರು ಎಲ್ಲವನ್ನೂ ಹೊಸದಾಗಿ ಮಾಡಿಸುತ್ತಾರೆ ಎಂದುಕೊಂಡಿದ್ದೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಬಿಳಿ ಕವಚದ ಸೈನಿಕರು ಹಿಡಿದ ಬಂದೂಕು ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷಿನ್ ಗನ್ನಿಗೆ ಚೂರುಪಾರು ಅಂಟಿಸಿ ಮಾಡಿದ್ದು. ನಾಯಕನ ಬೆಳಕಿನ ಖಡ್ಗದ ಹಿಡಿಯಂತೂ ಗ್ರಾಫ್ಲೆಕ್ಸ್ ಎಂಬ ಹಳೆಯ ಕ್ಯಾಮೆರಾ ಫ್ಲಾಶಿನ ಹಿಡಿಕೆ. ಯಾವುದೋ ಕೆಲಸಕ್ಕೆಂದು ತಯಾರಾದ ವಸ್ತುವಿನ ತಿರುಪು, ಗೀರು, ತೋಡುಗಳಿಗೆ ಒಂದೊಂದು ಕಾರಣವಿರುತ್ತದೆ. ನಾವು ಕಲ್ಪಿಸಿ ಕೆತ್ತುವ ಗೆರೆಗಳಿಗೆ ಆ ಕಾರಣ ಇರುವುದಿಲ್ಲ, ಕಣ್ಣು ಅದನ್ನು ಥಟ್ಟನೆ ಹಿಡಿಯುತ್ತದೆ.

ಇದು ನಮಗೆ ಹೊಸ ಪಾಠವೂ ಅಲ್ಲ. ಯಕ್ಷಗಾನದ ಕಿರೀಟ ಹಗುರ ಮರದ ಮೇಲೆ ಬೇಗಡೆ ಅಂಟಿಸಿದ್ದು. ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ಮರ, ರಂಗದ ಬೆಳಕಿಗೆ ಬಂದರೆ ಚಿನ್ನ. ನಾವು ಮಾಡುವುದೂ ಬೆಳಕಿಗೆ ಲೆಕ್ಕ ಹಾಕಿದ ಮೋಸವೇ, ಹೊಳಪಿನ ಬದಲು ಸವೆತದಿಂದ, ಅಷ್ಟೇ.

ಸಾಮಾನು

ನಳಿಗೆಗೆ ಒಂದಿಂಚಿನ ಪಿವಿಸಿ ಪೈಪ್. ಮೈಗೆ, ಮಕ್ಕಳ ಕೋಣೆಯಲ್ಲಿ ಹಾಸುವ ಒಂದಕ್ಕೊಂದು ಸಿಕ್ಕಿಸುವ ಇವಿಎ ಫೋಮ್ ಚೌಕಗಳು. ಮೇಲೆ ಅಂಟಿಸುವ ಸಣ್ಣಪುಟ್ಟ ಭಾಗಗಳಿಗೆ ಕೆಟ್ಟ ಚಾರ್ಜರಿನ ಚಿಪ್ಪು, ಬಾಟಲಿ ಮುಚ್ಚಳ, ಪೆನ್ನಿನ ಸ್ಪ್ರಿಂಗ್, ಮಿಕ್ಸಿಯ ಗುಂಡಿ. ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಲ್‌ಇಡಿ ಮತ್ತು ಸ್ವಿಚ್ಚು ಸಿಗುತ್ತವೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೂ ಹೋದೆ. ಅಲ್ಲಿ ಹಳೆಯ ಕ್ಯಾಮೆರಾ, ಗಡಿಯಾರಗಳ ಮುಂದೆ ನಿಂತರೆ ಸಾವಿರ ರೂಪಾಯಿಯ ಮಿತಿ ಮರೆತುಹೋಗುತ್ತದೆ. ಜೇಬಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಇಟ್ಟುಕೊಂಡು ಹೋಗಬೇಡಿ.

ಮೊದಲ ಬಂದೂಕಿನ ಮೈ ಥರ್ಮಾಕೋಲಿನದು. ಅಗ್ಗ, ಹಗುರ, ಕೊಯ್ಯುವುದೂ ಸಲೀಸು. ಸ್ಪ್ರೇ ಬಣ್ಣ ಹೊಡೆದ ಕೂಡಲೇ ಬೆಲ್ಲದ ಮೇಲೆ ಬಿಸಿನೀರು ಬಿದ್ದಂತೆ ಗುಳಿ ಬಿದ್ದು ಕುಸಿಯಿತು. ಥರ್ಮಾಕೋಲ್ ಎಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್. ಸ್ಪ್ರೇಯಲ್ಲಿರುವ ಅಸಿಟೋನ್, ಟಾಲ್ಯೂಯಿನ್‌ನಂಥ ದ್ರಾವಕಗಳು ಅದನ್ನು ಕರಗಿಸುತ್ತವೆ, ಹಲವು ಕಾಂಟ್ಯಾಕ್ಟ್ ಅಂಟುಗಳೂ ಹಾಗೆಯೇ. ಇವಿಎ ಈ ಸ್ಪ್ರೇಗೆ ಕುಸಿಯುವುದಿಲ್ಲ.

ಕೊಯ್ಯುವುದು, ಅಂಟಿಸುವುದು

ಬ್ಲೇಡ್ ಹೊಸದಿರಲಿ. ಮೊಂಡಾದ ಬ್ಲೇಡ್ ಫೋಮನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಬೆರಳಿಗೆ ಅಂಟು ಹತ್ತದಂತೆ ಒಣಗಿದ ಮೇಲೆ ಜೋಡಿಸಿದರೆ ಮುಟ್ಟಿದಲ್ಲೇ ಹಿಡಿಯುತ್ತದೆ, ಸರಿಪಡಿಸಲು ಎರಡನೆಯ ಅವಕಾಶವಿಲ್ಲ. ಫೋಮಿನ ಮೇಲೆ ಹೀಟ್ ಗನ್ (ಬಿಸಿಗಾಳಿ ಬೀಸುವ ಸಾಧನ) ಆಡಿಸಿದರೆ ಅದರ ರಂಧ್ರಗಳು ಮುಚ್ಚಿ ಮೈ ನಯವಾಗುತ್ತದೆ. ಅದೇ ಹೀಟ್ ಗನ್ನನ್ನು ಪಿವಿಸಿಗೆ ಹಿಡಿಯಬೇಡಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಅದು ಗಂಟಲು ಸುಡುವ ಅನಿಲ. ಫೋಮ್ ಬಣ್ಣ ಕುಡಿಯದಿರಲು ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಮೂರು ನಾಲ್ಕು ಸಲ ಹಚ್ಚಬೇಕು, ಪ್ರತಿ ಸಲವೂ ಒಣಗಲು ಬಿಟ್ಟು.

ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಸ್ಪ್ರೇ ಹೊಡೆದರೆ ಇನ್ನೊಂದು ಕಾಟ: ಕಪ್ಪು ಬಣ್ಣದ ಮೇಲೆ ಬೂದಿ ಸವರಿದಂತೆ ಬಿಳಿ ಮಸುಕು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಹನಿಗಟ್ಟುತ್ತದೆ, ತಣ್ಣನೆಯ ಲೋಟದ ಹೊರಗೆ ನೀರು ಕೂಡುವಂತೆ. ಮಳೆ ಬಿಟ್ಟ ಮಧ್ಯಾಹ್ನ, ತೆಳು ಪದರಗಳಲ್ಲಿ ಹೊಡೆಯಿರಿ. ಇಲ್ಲವೇ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚಿ.

ಬಣ್ಣ: ಅರ್ಧ ಸಮಯ ಇಲ್ಲಿಗೆ

ಮೊದಲು ಹೊಳಪಿಲ್ಲದ ಕಪ್ಪು. ಹೊಳೆಯುವ ಬಣ್ಣ ದೀಪವನ್ನು ಪ್ರತಿಫಲಿಸಿ ಪ್ರತಿಯೊಂದು ಸೇರುಗೆರೆಯನ್ನೂ ತೋರಿಸಿಬಿಡುತ್ತದೆ. ಅದು ಒಣಗಿದ ಮೇಲೆ 6ಬಿ ಪೆನ್ಸಿಲ್ಲಿನ ಸೀಸವನ್ನು ಸ್ಯಾಂಡ್ ಪೇಪರಿಗೆ ಉಜ್ಜಿ ಪುಡಿ ಮಾಡಿಕೊಳ್ಳಿ. ಬೆರಳಲ್ಲಿ ಅದ್ದಿ ನಳಿಗೆಗೆ ತಿಕ್ಕಿ. ಎರಡು ನಿಮಿಷದಲ್ಲಿ ನಲ್ಲಿಯ ಪೈಪಿಗೆ ಎಣ್ಣೆ ಕುಡಿದ ಕಬ್ಬಿಣದ ಮಂಕು ಹೊಳಪು ಬರುತ್ತದೆ. ಹತ್ತು ರೂಪಾಯಿಯ ಪೆನ್ಸಿಲ್ ಮಾಡುವ ಈ ಕೆಲಸವನ್ನು ಬೆಳ್ಳಿ ಬಣ್ಣದ ಡಬ್ಬಿ ಮಾಡುವುದಿಲ್ಲ, ಅದು ಮೈಯನ್ನು ಆಟಿಕೆಯಾಗಿಸುತ್ತದೆ.

ಬೆಳ್ಳಿ ಬೇಕಾಗುವುದು ಅಂಚುಗಳಿಗೆ ಮಾತ್ರ. ಕುಂಚವನ್ನು ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒರೆಸಿ, ಏನೂ ಉಳಿದಿಲ್ಲ ಎನ್ನಿಸಿದಾಗ ಮೂಲೆಗಳ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಿ ಎಳೆಯಬೇಕು ಎಂಬುದನ್ನು ಬಂದೂಕಿನ ಒಡೆಯನನ್ನು ಕೇಳಿ. ಬಲಗೈಯವನಾದರೆ ಹೆಬ್ಬೆರಳು ಹಿಡಿಕೆಯ ಎಡಬದಿಯನ್ನು ಸವೆಸುತ್ತದೆ. ಸೊಂಟದ ಚೀಲಕ್ಕೆ ತುರುಕುತ್ತಿದ್ದರೆ ನಳಿಗೆಯ ತುದಿ ಸವೆಯುತ್ತದೆ. ಕುದುರೆಯ (ಟ್ರಿಗರ್) ಸುತ್ತ ಬೆರಳು ತಾಗುವಷ್ಟೇ ಜಾಗ ಬೆಳ್ಳಗಾಗಬೇಕು. ಎಲ್ಲ ಮೂಲೆಗಳನ್ನೂ ಸಮನಾಗಿ ಸವೆಸಿದರೆ ಅದು ಯಾರ ಬಂದೂಕೂ ಅಲ್ಲ. ಕೊನೆಗೆ ಕಪ್ಪು ಮತ್ತು ಕಂದು ಬಣ್ಣವನ್ನು ನೀರಾಗಿಸಿ ಸುರಿದು, ಒಂದು ನಿಮಿಷದಲ್ಲಿ ಒರೆಸಿಬಿಡಿ. ಸಂದಿಗಳಲ್ಲಿ ಉಳಿದದ್ದು ಕೊಳೆಯಾಗಿ ಕಾಣುತ್ತದೆ.

ಬೆಳಕು ಮತ್ತು ತೂಕ

ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್, 20 ಮಿಲಿಆಂಪಿಯರ್ ಸಾಕು. ಬ್ಯಾಟರಿ 9 ವೋಲ್ಟಿನದು. ಉಳಿದ 6 ವೋಲ್ಟನ್ನು 0.02 ಆಂಪಿಯರ್‌ನಿಂದ ಭಾಗಿಸಿದರೆ 300 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ 330 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಗ್ಗಿಸುವ ಬಿಡಿಭಾಗ) ಹಾಕಿ. ಎರಡು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿದರೆ 150 ಓಮ್ ಸಾಕು. ಎಲ್‌ಇಡಿಯ ನೆತ್ತಿಯನ್ನು ಸ್ಯಾಂಡ್ ಪೇಪರಿಗೆ ಉಜ್ಜಿದರೆ ಚುಚ್ಚುವ ಚುಕ್ಕಿ ಹೋಗಿ ಹರಡಿದ ಬೆಳಕು ಬರುತ್ತದೆ.

ಫೋಮ್ ಬಂದೂಕನ್ನು ನಟ ಬೀಸಣಿಗೆಯಂತೆ ಬೀಸುತ್ತಾನೆ. ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದ್ದರೂ ಅವನ ಮಣಿಕಟ್ಟು ಗುಟ್ಟು ಬಿಟ್ಟುಕೊಡುತ್ತದೆ. ಹಿಡಿಕೆಯೊಳಗೆ ಕಬ್ಬಿಣದ ನಟ್ಟುಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತುಂಬಿದೆ. ಸಡಿಲವಿದ್ದರೆ ಧ್ವನಿ ಹಿಡಿಯುವವನಿಗೆ ಗಿಲಕಿ ಕೇಳಿಸುತ್ತದೆ. ತೂಕ ಬಂದ ಮೇಲೆ ನಟ ಯಾರೂ ಹೇಳದೆಯೇ ಎರಡನೆಯ ಕೈಯನ್ನು ನಳಿಗೆಯ ಕೆಳಗೆ ಕೊಟ್ಟ.

ಸಾಗಣೆ

ಲೋಕಲ್ ರೈಲಿನಲ್ಲಿ ಇದನ್ನು ಕೈಯಲ್ಲಿ ಹಿಡಿದು ಹೋಗುವ ಸಾಹಸ ಬೇಡ. ನಳಿಗೆ ಕಳಚುವಂತೆ ಮಾಡಿ, ಎರಡು ತುಂಡಾಗಿಸಿ ಚೀಲದೊಳಗೆ ಇಡಿ. ಹೊರಗೆ ಚಿತ್ರೀಕರಣವಿದ್ದರೆ ಅನುಮತಿ ಪಡೆದು, ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ.

ಒಂದು ನಿಲ್ದಾಣದಲ್ಲಿ ಸಾಮಾನು ತಪಾಸಣೆಯವರು ನನ್ನ ಚೀಲ ತೆರೆಸಿದರು. ಹಿಡಿಕೆಯನ್ನು ಎತ್ತಿ ನೋಡಿದಾಗ ಅವರ ಮುಖ ಗಂಭೀರವಾಯಿತು. ಆಮೇಲೆ ನಳಿಗೆಯನ್ನು ತಿರುಗಿಸಿದರು. ಜೋಡಣೆಯೊಳಗೆ ಸೇರುವ ತುದಿಗೆ ನಾನು ಬಣ್ಣವನ್ನೇ ಹಚ್ಚಿರಲಿಲ್ಲ. ಪೈಪಿನ ಐಎಸ್‌ಐ ಗುರುತು ಅಚ್ಚುಕಟ್ಟಾಗಿ ಕಾಣುತ್ತಿತ್ತು. ನೀವು ಪ್ಲಂಬರೇ ಎಂದು ಮರಾಠಿಯಲ್ಲಿ ಕೇಳಿ ಚೀಲ ಕೊಟ್ಟು ಕಳಿಸಿದರು. ಆ ಅಚ್ಚನ್ನು 220 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆಯಬಹುದು. ನಾನು ಹಾಗೆಯೇ ಬಿಟ್ಟಿದ್ದೇನೆ.