ಕಾವೇರಿ ಬಂದಳು, ಕೊಳಚೆ ಹೊರಟಿತು: ವೃಷಭಾವತಿ ಹೀಗಾದದ್ದು ಹೇಗೆ?

ಮೈಸೂರು ರಸ್ತೆಯ ಪಕ್ಕದಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುವ ಕಪ್ಪು ನೀರಿಗೆ ಬೆಂಗಳೂರಿನವರು ಇಟ್ಟ ಹೆಸರು ಕೆಂಗೇರಿ ಮೋರಿ. ಅದು ವೃಷಭಾವತಿ ನದಿ ಅಂದರೆ ಹೊಸದಾಗಿ ಬಂದವರು ನಂಬುವುದೇ ಇಲ್ಲ. ಇನ್ನೊಂದು ವಿಚಿತ್ರ ನೋಡಿ. ನಮ್ಮ ಬಯಲುಸೀಮೆಯ ನದಿಗಳು ಬೇಸಿಗೆಯಲ್ಲಿ ಒಣಗುತ್ತವೆ. ಇದು ಮಾತ್ರ ವರ್ಷವಿಡೀ ಮೈತುಂಬಿ ಹರಿಯುತ್ತದೆ. ಇದರ ಕಷ್ಟವೆಲ್ಲ ಶುರುವಾಗುವುದೇ ಅಲ್ಲಿಂದ.

ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆ ಇಳಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ನದಿ ಹುಟ್ಟಿತು ಅನ್ನುವುದು ಹಳೆಯ ನಂಬಿಕೆ. ಮಲ್ಲೇಶ್ವರದ ಕಡೆಯಿಂದಲೂ ಒಂದು ಕವಲು ಬರುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಹುಟ್ಟಿದ ಹೊಳೆಗೆ ಎಷ್ಟು ನೀರು ತಾನೇ ಇದ್ದೀತು? ಮಳೆ ಬಂದಾಗ ಹರಿಯುವುದು, ಕೆಂಪಾಂಬುಧಿಯಂಥ ಕೆರೆಗಳನ್ನು ತುಂಬಿಸುವುದು, ಬೇಸಿಗೆಯಲ್ಲಿ ಸಣ್ಣಗಾಗುವುದು. ಇಷ್ಟೇ ಅದರ ಕಸುಬು.

ನೀರು ಹೊರಗಿನಿಂದ ಬಂದಮೇಲೆ ಎಲ್ಲ ಬದಲಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಊರಿಗೆ ನೀರು ಬಂತು. ಎರಡೂ ಅರ್ಕಾವತಿಯ ನೀರೇ. 1974ರಲ್ಲಿ ಕಾವೇರಿ ಬಂದಳು, ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿಸಿಕೊಂಡು. ಆಮೇಲೆ ಒಂದರ ಹಿಂದೊಂದು ಹಂತ. ನಾಲ್ಕು ಹಂತ ಮುಗಿದಾಗ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ ಇನ್ನೂ 77.5 ಕೋಟಿ ಲೀಟರ್ ತರಬಲ್ಲದು.

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಚರಂಡಿಗೆ ಹೋಗುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. ಬೋರ್‌ವೆಲ್, ಟ್ಯಾಂಕರ್ ನೀರು ಬೇರೆ. ಹೀಗಾಗಿ ಊರಿನ ಪಶ್ಚಿಮ ಭಾಗದಲ್ಲಿ ಸ್ನಾನ, ಪಾತ್ರೆ, ಬಟ್ಟೆಗೆ ಬಳಸಿದ ಕಾವೇರಿ ವೃಷಭಾವತಿಯ ಹೆಸರಿನಲ್ಲಿ ಮತ್ತೆ ಕಾವೇರಿಯ ಕಡೆಗೇ ಹೊರಡುತ್ತಾಳೆ.

ಶುದ್ಧೀಕರಣ ಘಟಕ ಇಲ್ಲವೆಂದಲ್ಲ. ಮೈಸೂರು ರಸ್ತೆಯ ವೃಷಭಾವತಿ ಕಣಿವೆ ಘಟಕ ಹಳೆಯದು, ಮೈಲಸಂದ್ರದಲ್ಲಿ ಇನ್ನೊಂದಿದೆ. ಆದರೆ ಕೊಳಚೆ ಅಲ್ಲಿಗೆ ತಲುಪಬೇಕಲ್ವಾ? ಒಳಚರಂಡಿ ಪೈಪುಗಳನ್ನು ಇಳಿಜಾರು ಸಿಗುತ್ತದೆ ಅಂತ ಮಳೆನೀರು ಹರಿಯುವ ರಾಜಕಾಲುವೆಯ ಪಕ್ಕದಲ್ಲೇ ಹಾಕಿದರು. ಎಲ್ಲೋ ಕಟ್ಟಿಕೊಂಡರೆ, ಮ್ಯಾನ್‌ಹೋಲ್ ಉಕ್ಕಿದರೆ, ಎಲ್ಲ ನೇರವಾಗಿ ರಾಜಕಾಲುವೆಗೆ. 2007ರಲ್ಲಿ ನಗರಪಾಲಿಕೆ ಹಿಗ್ಗಿ ಬಿಬಿಎಂಪಿ ಆದಾಗ 110 ಹಳ್ಳಿಗಳು ಊರಿಗೆ ಸೇರಿದವು. ಅಪಾರ್ಟ್‌ಮೆಂಟ್, ಲೇಔಟ್ ಬೇಗ ಬಂದವು, ಒಳಚರಂಡಿ ನಿಧಾನವಾಗಿ ಬಂತು. ನೀರು ತರುವ ಯೋಜನೆಗೆ ಇದ್ದ ಅವಸರ ನೀರು ಕಳಿಸುವ ಯೋಜನೆಗೆ ಯಾವತ್ತೂ ಇರಲಿಲ್ಲ. ಇದನ್ನು ಬರೀ ನಿರ್ಲಕ್ಷ್ಯ ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ನಲ್ಲಿ ಉದ್ಘಾಟಿಸಿದರೆ ಓಟು ಬರುತ್ತದೆ, ಮೋರಿ ರಿಪೇರಿ ಮಾಡಿಸಿದರೆ ಬರುವುದಿಲ್ಲ.

ಇದರ ಮೇಲೆ ಕಾರ್ಖಾನೆಗಳು. ಪೀಣ್ಯದ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಕ್ರೋಮಿಯಂ, ನಿಕ್ಕಲ್, ಸತುವಿನಂಥ ಲೋಹಗಳು ಬರುತ್ತವೆ. ಬಣ್ಣ ಹಾಕುವ ಘಟಕಗಳದ್ದು ಬೇರೆ ರಾಸಾಯನಿಕ. ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಮನೆಯ ಕೊಳೆಯನ್ನು ಅವು ತಿಂದು ಮುಗಿಸುತ್ತವೆ, ಲೋಹವನ್ನು ತಿನ್ನಲಾರವು. ಅದು ಹೂಳಿನಲ್ಲಿ ಕೂರುತ್ತದೆ, ಇಲ್ಲವೇ ನೀರಿನ ಜೊತೆ ಮುಂದೆ ಹೋಗುತ್ತದೆ.

ಮುಂದೆ ಅಂದರೆ ಬಿಡದಿ ಹತ್ತಿರದ ಬೈರಮಂಗಲ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಕೆರೆ. ಈಗ ಕೋಡಿಯಲ್ಲಿ ನೀರು ಧುಮುಕುವಾಗ ಆಳೆತ್ತರಕ್ಕೆ ನೊರೆ ಏಳುತ್ತದೆ. ಸೋಪು, ಡಿಟರ್ಜೆಂಟ್ ಉಳಿದುಕೊಂಡಿರುವ ನೀರನ್ನು ಎತ್ತರದಿಂದ ಬೀಳಿಸಿದರೆ ಇನ್ನೇನಾಗುತ್ತದೆ? ಗಾಳಿ ಬಂದರೆ ಆ ನೊರೆ ಗದ್ದೆಗೂ ಹಾರುತ್ತದೆ.

ಅಚ್ಚುಕಟ್ಟಿನ ರೈತರು ಮೊದಲು ಭತ್ತ ಬೆಳೆಯುತ್ತಿದ್ದರು. ಕೊಳಚೆಯಲ್ಲಿ ಸಾರಜನಕ ಜಾಸ್ತಿ. ಸಾರಜನಕ ಮಿತಿಮೀರಿದರೆ ಪೈರು ಸೊಕ್ಕಿ ಬೆಳೆದು ಮಲಗುತ್ತದೆ, ತೆನೆಯಲ್ಲಿ ಜೊಳ್ಳೇ ಹೆಚ್ಚು. ಎಲೆ, ಕಾಂಡವೇ ಬೇಕಾದ ಬೆಳೆಗೆ ಈ ತೊಂದರೆ ಇಲ್ಲ. ಹಾಗಾಗಿ ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಬಂದವು. ಗೊಬ್ಬರದ ಖರ್ಚು ಉಳಿಯಿತು, ಬೇಸಿಗೆಯಲ್ಲೂ ನೀರು ಸಿಕ್ಕಿತು, ಹಸು ಕಟ್ಟಿ ಹಾಲು ಮಾರಿದರು. ಜೊತೆಗೆ ಕೈಕಾಲು ತುರಿಕೆ, ಸೊಳ್ಳೆ, ಬಾವಿ-ಬೋರ್‌ವೆಲ್ಲಿನಲ್ಲಿ ಕುಡಿಯಲಾಗದ ನೀರು. ಇಲ್ಲಿನ ಮಣ್ಣು, ಬೆಳೆಗಳಲ್ಲಿ ಭಾರಲೋಹ ಇರುವುದನ್ನು ಅಧ್ಯಯನಗಳೂ ತೋರಿಸಿವೆ. ಆ ಹುಲ್ಲಿನ ಹಾಲು, ಆ ಹೊಲದ ತರಕಾರಿ ವಾಪಸ್ ಬರುವುದು ಬೆಂಗಳೂರಿಗೇ.

‘ಕೊಳಚೆ ನಿಲ್ಲಿಸಿ’ ಅನ್ನುವುದು ಊರಿನವರಿಗೆ ಸುಲಭ. ರೈತನಿಗೆ ನಿಜವಾಗಿ ನಿಂತುಬಿಟ್ಟರೆ ಹೊಲ ಒಣಗುತ್ತದೆ. ಅವನಿಗೆ ಬೇಕಿರುವುದು ಇದೇ ನೀರು, ಆದರೆ ಶುದ್ಧವಾಗಿ.

ಶುದ್ಧ ಅಂದರೆ ಎಷ್ಟು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ಸ್ನಾನಕ್ಕೆ ‘ಬಿ’: ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ದಾಟಬಾರದು. ಮೀನು ಬದುಕಲು ‘ಡಿ’. ಕೊನೆಯ ‘ಇ’ ನೀರಾವರಿಗೆ. ಅದರಲ್ಲಿ ನೋಡುವುದು ಆಮ್ಲ-ಕ್ಷಾರ, ಉಪ್ಪಿನಂಶ, ಸೋಡಿಯಂ, ಬೋರಾನ್. ಮಲದ ಬ್ಯಾಕ್ಟೀರಿಯಾದ ಲೆಕ್ಕ ಇಲ್ಲ, ಕ್ರೋಮಿಯಂ ಲೆಕ್ಕವೂ ಇಲ್ಲ. ಬೈರಮಂಗಲದಂಥ ಜಾಗದಲ್ಲಿ ನೋಡಬೇಕಾದದ್ದೇ ಪಟ್ಟಿಯಿಂದ ಹೊರಗಿದೆ.

ಹೈಕೋರ್ಟ್ ಮಧ್ಯೆ ಬಂದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಿಂದ (ನೀರಿ) ನದಿಯ ಅಧ್ಯಯನ ಮಾಡಿಸಿದ್ದೂ ಆಯಿತು. ಈಗ ಇದೇ ಕಣಿವೆಯ ಸಂಸ್ಕರಿಸಿದ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಪಂಪ್ ಮಾಡುವ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆ ಆಗಿದೆ. ಬೆಂಗಳೂರಿನ ಇನ್ನೊಂದು ಕಣಿವೆಯಾದ ಕೋರಮಂಗಲ-ಚಲ್ಲಘಟ್ಟದ (ಕೆ.ಸಿ. ವ್ಯಾಲಿ) ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿದ ಸ್ವಲ್ಪ ದಿನಕ್ಕೇ ಅಲ್ಲಿ ನೊರೆ ಎದ್ದಿತ್ತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಮೂರನೇ ಹಂತದ ಶುದ್ಧೀಕರಣ, ಅಂದರೆ ಬ್ಯಾಕ್ಟೀರಿಯಾದ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಶುದ್ಧ ಮಾಡುವುದು, ಆಗಲೇಬೇಕು ಅನ್ನುವ ಬೇಡಿಕೆ ಹುಟ್ಟಿದ್ದು ಆ ಅನುಭವದಿಂದ. ನೆಲಮಂಗಲದ ಕೆರೆಗಳ ಮಾತು ಬಂದಾಗಲೂ ಜನ ಅದನ್ನೇ ಕೇಳುತ್ತಿದ್ದಾರೆ. ನನ್ನದು ಇನ್ನೊಂದು ಪ್ರಶ್ನೆ. ಚೆನ್ನಾಗಿ ಶುದ್ಧ ಮಾಡಿದ ನೀರನ್ನೆಲ್ಲ ಮೇಲಿನ ಕೆರೆಗಳಿಗೆ ಎತ್ತಿಕೊಂಡು ಹೋದರೆ, ಕೆಳಗೆ ಬೈರಮಂಗಲಕ್ಕೆ ಹರಿಯಲು ಯಾವ ನೀರು ಉಳಿಯುತ್ತದೆ?