ಅಪ್ಪನ ಬಾಡಿಗೆ ಕಟ್ಟಡ: ಇಟ್ಟುಕೊಳ್ಳುವುದೋ, ಮಾರುವುದೋ?

"ತಿಂಗಳಿಗೆ ಐವತ್ತು ಸಾವಿರ ಬರ್ತದೆ, ಯಾಕೆ ಮಾರ್ಬೇಕು?" ಇಂಥ ಚರ್ಚೆ ಎಲ್ಲಿ ನಡೆದರೂ ಈ ಮಾತು ಬಂದೇ ಬರುತ್ತದೆ. ಆ ಐವತ್ತು ಸಾವಿರವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಂಕಿಗಳೆಲ್ಲ ಅಭ್ಯಾಸಕ್ಕೆ ಹಾಕಿಕೊಂಡವು.

ಕಾರವಾರದ ಕಾಜುಬಾಗದಲ್ಲಿ 2001ಕ್ಕಿಂತ ಮೊದಲು ಕಟ್ಟಿದ ಕಟ್ಟಡ. ಕೆಳಗೆ ಎರಡು ಅಂಗಡಿ, ಮೇಲೆ ನಾಲ್ಕು ಮನೆ. ಈಗಿನ ಬೆಲೆ 1.2 ಕೋಟಿ. ವಾರಸುದಾರರು ಮೂವರು: ಊರಲ್ಲಿರುವ ಅಣ್ಣ, ಶಿರಸಿಗೆ ಕೊಟ್ಟ ತಂಗಿ, ದುಬೈಯಲ್ಲಿ ನೆಲೆಸಿದ ತಮ್ಮ.

ವರ್ಷದ ಬಾಡಿಗೆ 6 ಲಕ್ಷ. ಕೈಗಾ, ನೌಕಾನೆಲೆ, ಮೆಡಿಕಲ್ ಕಾಲೇಜು ಇರುವ ಊರು. ಬಾಡಿಗೆಗೆ ಜನ ಸಿಗುತ್ತಾರೆ. ಆದರೆ ವರ್ಗವಾಗಿ ಹೋಗುವವರೂ ಅವರೇ, ನಡುನಡುವೆ ಮನೆ ಖಾಲಿ. ಖಾಲಿ ತಿಂಗಳು, ನಗರಸಭೆ ತೆರಿಗೆ, ಬಣ್ಣ, ಪಂಪು, ಸಣ್ಣಪುಟ್ಟ ರಿಪೇರಿ ಸೇರಿ 2 ಲಕ್ಷ ಕಳೆಯಿರಿ. ಉಳಿದದ್ದು 4 ಲಕ್ಷ, ಅಂದರೆ ಬೆಲೆಯ ಶೇ 3.3.

ಇದರಲ್ಲಿ ಇನ್ನೂ ಸೇರದ ಖರ್ಚು ತಲೆಯ ಮೇಲೇ ಇದೆ. ಚಿರೆಕಲ್ಲಿನ ಗೋಡೆ ತಡೆಯುತ್ತದೆ, ಸ್ಲ್ಯಾಬ್ ತಡೆಯುವುದಿಲ್ಲ. ಕಡಲಗಾಳಿಯ ಉಪ್ಪು ಮಳೆನೀರಿನ ಜೊತೆ ಒಳಗಿಳಿದು ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ಮೊದಲು ಕಂದು ಗೆರೆ, ಆಮೇಲೆ ಚಕ್ಕೆ. ಕೋಲಿನಿಂದ ಕುಟ್ಟಿದಾಗ ಪೊಳ್ಳು ಸದ್ದು ಬಂದರೆ ಸುಮ್ನೆ ಬಣ್ಣ ಬಳಿದು ಪ್ರಯೋಜನವಿಲ್ಲ. ಇಲ್ಲಿ ಐದು ವರ್ಷದೊಳಗೆ 12 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ಆದಾಯ ತೆರಿಗೆಯ ಲೆಕ್ಕಕ್ಕೆ ಬಾಡಿಗೆಯಲ್ಲಿ ನಗರಸಭೆ ತೆರಿಗೆ ಕಳೆದು ಉಳಿದದ್ದಕ್ಕೆ ಶೇ 30 ವಿನಾಯಿತಿ ಸಿಗುತ್ತದೆ. ರಿಪೇರಿಗೆ ಎಷ್ಟೇ ಸುರಿದರೂ ಅದು ಹೆಚ್ಚುವುದಿಲ್ಲ.

ಈಗ ಮಾರುವ ಲೆಕ್ಕ. ಮಾರಿದ ಬೆಲೆಯಲ್ಲಿ ಆಸ್ತಿ ಮಾಡಿದ ಖರ್ಚು ಕಳೆದು ಉಳಿದ ಲಾಭಕ್ಕೆ ತೆರಿಗೆ. ಪಿತ್ರಾರ್ಜಿತಕ್ಕೆ ಅಪ್ಪನ ಖರ್ಚೇ ನಮ್ಮ ಖರ್ಚು. 2001ಕ್ಕಿಂತ ಹಳೆಯದಾದರೆ 1-4-2001ರ ಮಾರುಕಟ್ಟೆ ಬೆಲೆ ತೆಗೆದುಕೊಳ್ಳಬಹುದು, ಅಂದಿನ ಮುದ್ರಾಂಕ ಬೆಲೆ (ನೋಂದಣಿಗೆ ಸರ್ಕಾರ ಲೆಕ್ಕ ಹಿಡಿಯುವ ಬೆಲೆ) ಮೀರದಂತೆ. ಅದು ತಲಾ 5 ಲಕ್ಷ ಎನ್ನೋಣ. ಮಾರಿದ್ದರಲ್ಲಿ ತಲಾ 40 ಲಕ್ಷ.

23-7-2024ರಿಂದ ಈ ಲಾಭದ ಮೇಲಿನ ತೆರಿಗೆ ದರ ಶೇ 12.5, ಹಣದುಬ್ಬರಕ್ಕೆ ತಕ್ಕಂತೆ ಖರ್ಚನ್ನು ಏರಿಸುವ ಸೂಚ್ಯಂಕವಿಲ್ಲ. ಲಾಭ 35 ಲಕ್ಷ, ತೆರಿಗೆ 4.375 ಲಕ್ಷ. ಆ ದಿನಕ್ಕಿಂತ ಮೊದಲೇ ಇದ್ದ ಆಸ್ತಿಯಾದರೆ ಭಾರತದ ನಿವಾಸಿಗಳಿಗೆ ಸೂಚ್ಯಂಕ ಸೇರಿದ ಹಳೆಯ ಶೇ 20ರ ದಾರಿಯೂ ಇದೆ. 2025-26ರ ಸೂಚ್ಯಂಕ 376. 5 ಲಕ್ಷ 3.76 ಪಟ್ಟಾಗಿ 18.8 ಲಕ್ಷವಾಗುತ್ತದೆ, ಲಾಭ 21.2, ತೆರಿಗೆ 4.24 ಲಕ್ಷ. ಅಣ್ಣ, ತಂಗಿಗೆ ಇದು. ಅನಿವಾಸಿ ತಮ್ಮನಿಗೆ ಈ ಆಯ್ಕೆಯೇ ಇಲ್ಲ. ಲೆಕ್ಕದಲ್ಲಿ ಎಡವುವ ಜಾಗ ಇದು. ಖರೀದಿದಾರ ದುಡ್ಡು ಕೊಡುವಾಗಲೇ ಮೂಲದಲ್ಲಿ ಹಿಡಿಯುವ ಶೇ 1 ತೆರಿಗೆ (ಟಿಡಿಎಸ್) ಕೂಡ ನಿವಾಸಿಗಳ ಪಾಲಿಗೆ ಮಾತ್ರ. ತಮ್ಮನ ಪಾಲಿನಿಂದ ಹೆಚ್ಚೇ ಹಿಡಿಯಬೇಕು.

ತೆರಿಗೆ, ಸೆಸ್, ದಲ್ಲಾಳಿ ಕಮಿಷನ್ ಹೋಗಿ ಸುಮಾರು 1.05 ಕೋಟಿ ಕೈಗೆ. ಶೇ 6.5ರ ಠೇವಣಿಯಲ್ಲಿ ವರ್ಷಕ್ಕೆ 6.8 ಲಕ್ಷ. ಬಾಡಿಗೆಗಿಂತ 2.8 ಲಕ್ಷ ಜಾಸ್ತಿ, ಅಂದರೆ ಕಟ್ಟಡದ ಬೆಲೆಯ ಶೇ 2.4. ಸ್ಲ್ಯಾಬಿನ 12 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ಶೇ 4.4 ಹತ್ತಿರ. ಜಾಗದ ಬೆಲೆ ವರ್ಷಕ್ಕೆ ಅಷ್ಟಾದರೂ ಏರುತ್ತದೆ ಅನಿಸಿದರೆ ಇಟ್ಟುಕೊಳ್ಳಿ. ಬಡ್ಡಿಗೆ ಪೂರ್ತಿ ತೆರಿಗೆ, ಬಾಡಿಗೆಗೆ ಶೇ 30 ಬಿಟ್ಟು. ಅದರಿಂದ ಈ ಅಂತರ ಸ್ವಲ್ಪ ತಗ್ಗುತ್ತದೆ.

"ಅಪ್ಪ ಮಾರದೆ ಬಿಟ್ಟದ್ದನ್ನು ಮಕ್ಕಳು ಮಾರಿದರೆ ತೆರಿಗೆ ಇಲ್ಲ" ಅನ್ನುವ ಮಾತು ಅಮೆರಿಕದ್ದು. ಅಲ್ಲಿ ವಾರಸಿಗೆ ಬಂದ ದಿನದ ಬೆಲೆಯನ್ನೇ ಖರ್ಚು ಎಂದು ಲೆಕ್ಕ ಹಿಡಿಯುತ್ತಾರೆ, ನಮ್ಮಲ್ಲಿ ಹಾಗಲ್ಲ.

ಮೂರನೆಯ ದಾರಿ, ಅಣ್ಣನೇ ಉಳಿದವರ ಪಾಲು ಕೊಳ್ಳುವುದು. ಹಿಂದೂ ವಾರಸಾ ಕಾಯ್ದೆಯ 22ನೇ ಕಲಂ ಪ್ರಕಾರ, ಮೊದಲ ವರ್ಗದ ವಾರಸುದಾರರಲ್ಲಿ (ಮಕ್ಕಳೂ ಇದರಲ್ಲಿ ಬರುತ್ತಾರೆ) ಒಬ್ಬರು ಪಾಲು ಮಾರಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದವರದು. ತಂಗಿಯ ಪಾಲೂ ಸಮ, ಆಕೆಯ ಸಹಿ ಇಲ್ಲದೆ ಇಡೀ ಕಟ್ಟಡ ಮಾರಲಾಗದು. ಹಕ್ಕು ಬಿಡುಗಡೆ ಪತ್ರ ಬರೆದು ದುಡ್ಡು ಪಡೆದರೆ, ಪಡೆದವರಿಗೆ ಮೇಲಿನ ತೆರಿಗೆಯೇ.